ಗೊರವಪ್ಪನ ಕರಡಿ ಟೊಪ್ಪಿಗೆ: ರಿಪೇರಿಯೋ, ಜೋಪಾನವೋ

ಮೈಲಾರಲಿಂಗನ ಭಕ್ತರಾದ ಗೊರವರ ವೇಷ ಅಡಿಯಿಂದ ಮುಡಿಯವರೆಗೆ ತುಂಬಿದ ವೇಷ. ಮೈಮೇಲೆ ಕರಿ ಕಂಬಳಿಯ ನಿಲುವಂಗಿ, ಎದೆಗೆ ಅಡ್ಡಲಾಗಿ ಕವಡೆ ಹೊಲಿದ ಪಟ್ಟಿ, ಬಗಲಲ್ಲಿ ಭಂಡಾರದ (ಅರಿಸಿನ ಪುಡಿಯ) ಚೀಲ, ಕೈಯಲ್ಲಿ ಡಮರುಗ ಮತ್ತು ಕೊಳಲು, ಜೊತೆಗೆ ಗಂಟೆ, ತ್ರಿಶೂಲ, ನೈವೇದ್ಯ ಸ್ವೀಕರಿಸುವ ದೋಣಿ. ಇವೆಲ್ಲಕ್ಕೂ ಮೇಲೆ, ನೋಡಿದವರು ಮರೆಯದ ಒಂದು ವಸ್ತು ಕರಡಿ ಕೂದಲಿನ ಟೊಪ್ಪಿಗೆ. ಕಂಬಳಿ ಹರಿದರೆ ಇನ್ನೊಂದು ನೇಯಿಸಬಹುದು. ಕವಡೆ ಉದುರಿದರೆ ಮತ್ತೆ ಪೋಣಿಸಬಹುದು. ಡಮರುಗದ ತೊಗಲು ಬಿರಿದರೆ ಬೇರೆ ಬಿಗಿಸಬಹುದು. ಟೊಪ್ಪಿಗೆಯೊಂದನ್ನು ಮಾತ್ರ ಅದೇ ಸಾಮಗ್ರಿಯಲ್ಲಿ ಹೊಸದಾಗಿ ಮಾಡಿಸುವ ದಾರಿ ಮುಚ್ಚಿ ಐದು ದಶಕಗಳಾದವು. ಹೀಗಾಗಿ ಹಿರಿಯರಿಂದ ಬಂದ ಹಳೆಯ ಟೊಪ್ಪಿಗೆ ಮನೆಯಲ್ಲಿರುವವರ ಮುಂದೆ, ಉಳಿದ ಯಾವ ವಸ್ತುವಿನ ವಿಷಯದಲ್ಲೂ ಇಲ್ಲದ ಪ್ರಶ್ನೆಯೊಂದು ನಿಲ್ಲುತ್ತದೆ: ಇದನ್ನು ಸರಿಪಡಿಸಿ ಮತ್ತೆ ತಲೆಗೇರಿಸುವುದೋ, ಇದ್ದ ಹಾಗೆಯೇ ಕಾಪಾಡುವುದೋ?

ಈ ಪ್ರಶ್ನೆಗೆ ಹಾವೇರಿ ಜಿಲ್ಲೆ ತಕ್ಕ ಜಾಗ. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ ದೇವರಗುಡ್ಡವಿದೆ. ಅಲ್ಲಿಯ ದೈವ ಮಾಲತೇಶ, ಅಂದರೆ ಮೈಲಾರಲಿಂಗನೇ. ತುಂಗಭದ್ರೆಯ ಆಚೆ ದಡದಲ್ಲಿ, ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಅದು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಈ ಎರಡು ಕ್ಷೇತ್ರಗಳ ನಡುವಿನ ಬಯಲುಸೀಮೆಯಲ್ಲಿ ಗೊರವಪ್ಪ, ಗೊರವಯ್ಯ, ವಗ್ಗಯ್ಯ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ಮೈಲಾರನ ಆರಾಧನೆ ಹಳೆಯದು. 12ನೆಯ ಶತಮಾನದ ಹೊತ್ತಿಗೇ ಅದು ಕನ್ನಡನಾಡಿನಲ್ಲಿ ಬೇರೂರಿತ್ತು. ಶಿವಭಕ್ತ ತಪಸ್ವಿಗಳನ್ನೂ ಶಿವಾಲಯದ ಅರ್ಚಕರನ್ನೂ ಗೊರವರೆಂದು ಕರೆದ ಶಾಸನಗಳು ಅದಕ್ಕಿಂತ ಹಿಂದಿನವು. ಮಹಾರಾಷ್ಟ್ರದ ಜೇಜೂರಿಯ ಖಂಡೋಬ, ತೆಲುಗು ನಾಡಿನ ಮಲ್ಲಣ್ಣ, ಯಾದಗಿರಿ ಬಳಿಯ ಮೈಲಾಪುರದ ಮಲ್ಲಯ್ಯ, ಅಥಣಿ ಸೀಮೆಯ ಮಂಗಸೂಳಿಯ ದೈವ, ಇವರೆಲ್ಲ ಒಂದೇ ಬಳ್ಳಿಯವರು. ಓರುಗಲ್ಲಿನ (ವಾರಂಗಲ್ಲಿನ) ನಗರಜೀವನವನ್ನು ವರ್ಣಿಸುವ ತೆಲುಗಿನ 'ಕ್ರೀಡಾಭಿರಾಮಮು' ಕಾವ್ಯದಲ್ಲಿಯೂ ಮೈಲಾರನ ಭಕ್ತರ ಸಾಹಸಗಳು ಬರುತ್ತವೆ. ಕತೆಯ ತಿರುಳು ಎಲ್ಲ ಕಡೆಯೂ ಒಂದೇ. ಮಣಿ, ಮಲ್ಲ ಎಂಬ ದೈತ್ಯರ ಉಪಟಳ ತಾಳಲಾರದೆ ಋಷಿಗಳು ಮೊರೆಯಿಡುತ್ತಾರೆ, ಶಿವ ಏಳು ಕೋಟಿ ಸೈನ್ಯದೊಂದಿಗೆ ಇಳಿದುಬಂದು ಅವರನ್ನು ಕೊಲ್ಲುತ್ತಾನೆ. ಜಾತ್ರೆಯಲ್ಲಿ ಕೇಳಿಬರುವ 'ಏಳುಕೋಟಿ' ಘೋಷ ಆ ಸೈನ್ಯದ ನೆನಪು. ಆ ಸೈನ್ಯದವರೇ ಗೊರವರು. ಪಡೆಯಲ್ಲಿ ನಾಯಿಗಳೂ ಇದ್ದವು, ಹುಲಿಗಳು ಮನುಷ್ಯರಾಗಿ ವಗ್ಗಯ್ಯಗಳಾದವು ಎಂಬ ಐತಿಹ್ಯವೂ ಇದೆ. ಖಂಡೋಬನ ಭಕ್ತರಾದ ವಾಘ್ಯಾಗಳು ಭಂಡಾರ ತುಂಬಿದ ಹುಲಿಚರ್ಮದ ಚೀಲ ಕೊರಳಿಗೆ ಹಾಕಿಕೊಳ್ಳುತ್ತಿದ್ದುದನ್ನೂ, ಗೊರವನ ತಲೆಯ ಮೇಲೆ ಕರಡಿ ಕೂದಲು ಬಂದುದನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಗೊರವನ ವೇಷ ಅರ್ಧ ಕುರುಬನದು, ಅರ್ಧ ಕಾಡಿನ ಮೃಗದ್ದು.

1884ರಲ್ಲಿ ಅಚ್ಚಾದ ಬಾಂಬೆ ಪ್ರಾಂತದ ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ದೇವರಗುಡ್ಡ ಗುಡ್ಡಗುಡ್ಡಾಪುರ ಎಂಬ ಹೆಸರಿನಲ್ಲಿ ಬರುತ್ತದೆ. ಯಾತ್ರಿಕರು ಗುಡ್ಡಕ್ಕೆ ಬಂದಾಗ ವಗ್ಗಯ್ಯಗಳು ನಾಯಿಗಳಂತೆ ಬೊಗಳುತ್ತ ಎದುರುಗೊಳ್ಳುವುದು, ದೋಣಿಗೆ ಹಾಕಿದ ನೈವೇದ್ಯಕ್ಕೆ ಒಬ್ಬರ ಮೇಲೊಬ್ಬರು ಬಿದ್ದು ಬಾಯಿ ಹಾಕುವುದು ಇವನ್ನೆಲ್ಲ ಆ ಸಂಪುಟ ಬಣ್ಣಿಸುತ್ತದೆ. ಬರೆದವರಿಗೆ ಇದು ವಿಚಿತ್ರವಾಗಿ ಕಂಡಿತ್ತು. ಭಕ್ತರಿಗೆ ಅದು ದೋಣಿಸೇವೆ. ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ ಬೆರೆಸಿ ಗೊರವಪ್ಪನ ದೋಣಿ ತುಂಬಿಸುವ ಹರಕೆ ಇಂದಿಗೂ ನಡೆಯುತ್ತದೆ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ 20ನೆಯ ಶತಮಾನದ ಉತ್ತರಾರ್ಧದಲ್ಲಿ ದಖ್ಖನದ ಪಶುಪಾಲಕ ದೈವಗಳನ್ನು ಕುರಿತು ನಡೆಸಿದ ಅಧ್ಯಯನ ಈ ಆಚರಣೆಗಳನ್ನು ಕುರಿಗಾಹಿಗಳ ಬದುಕಿನ ಜೊತೆಗಿಟ್ಟು ಓದಿತು. ಗೊರವರಲ್ಲಿ ಹೆಚ್ಚಿನವರು ಕುರುಬರು ಎಂಬುದನ್ನು ನೆನೆದರೆ ಅದು ಸರಿಯಾದ ದಾರಿಯೇ.

ದೇವರಗುಡ್ಡಕ್ಕೆ ಹೆಚ್ಚು ಜನ ಸೇರುವುದು ನವರಾತ್ರಿಯಲ್ಲಿ. ಮಹಾನವಮಿಯ ದಿನ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, 'ಸದ್ದಲೇ' ಎಂದು ಕೂಗಿ ಜನಸ್ತೋಮವನ್ನು ಸುಮ್ಮನಾಗಿಸಿ, ಒಂದೇ ಮಾತಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದು ಕೆಳಕ್ಕೆ ಬೀಳುತ್ತಾನೆ. ಮಳೆ, ಬೆಳೆ, ರಾಜಕಾರಣ ಎಲ್ಲಕ್ಕೂ ಆ ಮಾತನ್ನು ಅನ್ವಯಿಸುತ್ತಾರೆ. ಮೆಣಸಿನಕಾಯಿ, ಹತ್ತಿ ಬೆಳೆಯುವ ಬ್ಯಾಡಗಿ, ಹಾವೇರಿ ಕಡೆಯ ರೈತರು ವರ್ಷದ ಲೆಕ್ಕವನ್ನು ಅದರ ಮೇಲೆ ಹಾಕುವುದೂ ಉಂಟು. ಮೈಲಾರದ ಕಾರಣಿಕ ಭರತ ಹುಣ್ಣಿಮೆಯ ಜಾತ್ರೆಯಲ್ಲಿ. ಈ ಎರಡು ಜಾತ್ರೆಗಳೇ ಗೊರವರ ವೇಷ ಪೆಟ್ಟಿಗೆಯಿಂದ ಹೊರಬರುವ ದೊಡ್ಡ ಸಂದರ್ಭಗಳು.

ಎಲ್ಲ ಗೊರವರ ತಲೆಯ ಮೇಲೂ ಕರಡಿ ಟೊಪ್ಪಿಗೆ ಇರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ದೇವರಗುಡ್ಡ, ಮೈಲಾರ ಸೀಮೆಯಲ್ಲಿ ಕಂಬಳಿಯೇ ಮುಖ್ಯ, ತಲೆಗೆ ರುಮಾಲು ಸುತ್ತಿದವರೂ ಬಹಳ. ಮೈಸೂರು, ಚಾಮರಾಜನಗರ ಕಡೆಯ ಗೊರವರ ಕುಣಿತದ ತಂಡಗಳಲ್ಲಿ ಟೊಪ್ಪಿಗೆ ವೇಷದ ಗುರುತೇ ಆಗಿಬಿಟ್ಟಿದೆ. ವೇದಿಕೆಯ ಮೇಲೆ, ಮೆರವಣಿಗೆಗಳಲ್ಲಿ, ಚಿತ್ರಗಳಲ್ಲಿ ಜನ ಕಾಣುವ ಗೊರವ ಸಾಮಾನ್ಯವಾಗಿ ದಕ್ಷಿಣದ ಗೊರವನೇ.

ಕಂಬಳಿಯ ವಿಷಯಕ್ಕೆ ಬಂದರೆ ಕತೆ ಪೂರ್ತಿ ಹಾವೇರಿ ಸೀಮೆಯದು. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿಗೆ ಹೆಸರಾದ ಊರು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಊರು, ಹೆಗಲ ಮೇಲೆ ಕಂಬಳಿಯಿಲ್ಲದ ಕನಕದಾಸರ ಚಿತ್ರವನ್ನು ಯಾರೂ ಬರೆಯುವುದಿಲ್ಲ. ದಖ್ಖನಿ ತಳಿಯ ಕರಿ ಕುರಿಯಿಂದ ಕತ್ತರಿಸಿದ ಉಣ್ಣೆಯನ್ನು ಹಿಂಜಿ ನೂಲುವುದು ಬಹುಪಾಲು ಹೆಂಗಸರ ಕೆಲಸ, ನೇಯುವುದು ಗಂಡಸರದು. ಹುಣಸೆಬೀಜವನ್ನು ನೆನೆಸಿ, ಅರೆದು, ಕುದಿಸಿ ಮಾಡಿದ ಸರಿಯನ್ನು ಹಾಸುನೂಲಿಗೆ ಬಳಿಯುತ್ತಾರೆ. ಒಣಗಿದಾಗ ನೂಲು ಬಿರುಸಾಗುತ್ತದೆ. ಹೊಸ ಕಂಬಳಿ ತಗಡಿನಂತೆ ನಿಲ್ಲುವುದೂ, ಸಣ್ಣ ಮಳೆಗೆ ನೀರನ್ನು ಜಾರಿಸುವುದೂ ಈ ಸರಿಯಿಂದ. ಕೊಪ್ಪೆ ಮಾಡಿ ತಲೆಗೆ ಹೊದ್ದ ಕಂಬಳಿಯೇ ಕುರಿಗಾಹಿಯ ಛತ್ರಿ, ಟೊಪ್ಪಿಗೆ ಎರಡೂ. ಕಂಬಳಿಗೆ ಮೈಲಿಗೆಯಿಲ್ಲ ಎಂಬ ನಂಬಿಕೆಯಿಂದ ಅದು ಗದ್ದಿಗೆಯ ಹಾಸೂ ಆಯಿತು, ಗೊರವನ ಅಂಗಿಯೂ ಆಯಿತು.

ಇಂಥ ವಸ್ತುಗಳ ಲೋಕದಲ್ಲಿ ಹಳೆಯದನ್ನು ಹಳೆಯದೆಂದೇ ಎತ್ತಿಡುವ ರೂಢಿ ಇರಲಿಲ್ಲ. ಕಂಬಳಿ ಸವೆದರೆ ಮೊದಲು ತೇಪೆ, ಆಮೇಲೆ ಹಾಸಿಗೆಯಡಿಯ ಹಾಸು, ಕೊನೆಗೆ ದನದ ಬೆನ್ನಿನ ಹೊದಿಕೆ. ಹಾನಗಲ್ಲಿನಿಂದ ಆಚೆ, ಮಲೆನಾಡಿನ ಕಡೆ ನಾಟಿ ಮಾಡುವವರು ಹೊದೆಯುತ್ತಿದ್ದ ಗೊರಬಿನದೂ ಇದೇ ಬಾಳು. ಬಿದಿರ ಸಿಬಿರಿನ ನಡುವೆ ಎಲೆ ಪೇರಿಸಿ ಕಟ್ಟಿದ ಅದು ಒಂದೆರಡು ಮಳೆಗಾಲ ಬಾಳಿದರೆ ಹೆಚ್ಚು. ಎಲೆ ಒಡೆದ ಗೊರಬನ್ನು ಯಾರೂ ಕಾಪಾಡಲಿಲ್ಲ, ಹೊಸದನ್ನು ಕಟ್ಟಬಲ್ಲವರನ್ನು ಕಾಪಾಡಿದರೆ ಸಾಕಿತ್ತು. ಗೊರವನ ವೇಷವೂ ಹೀಗೆಯೇ ನವೀಕರಣಗೊಳ್ಳುತ್ತ ಬಂದದ್ದು. ಇಂದು ಮೂರು ತಲೆಮಾರಿನದೆಂದು ತೋರಿಸುವ ವೇಷದಲ್ಲಿ ಅಜ್ಜನ ಕಾಲದ ಕವಡೆ, ಅಪ್ಪನ ಕಾಲದ ಪಟ್ಟಿ, ಮೊನ್ನೆಯ ಕಂಬಳಿ ಕೂಡಿಕೊಂಡಿರುವುದು ಸಹಜ. ಹಾಗೆ ಕೂಡಿಕೊಂಡರೆ ಪಾವಿತ್ರ್ಯಕ್ಕೆ ಊನವೆಂದು ಯಾರೂ ತಿಳಿದದ್ದಿಲ್ಲ.

ಟೊಪ್ಪಿಗೆಯೂ ಒಂದು ಕಾಲಕ್ಕೆ ಈ ಸಾಲಿನಲ್ಲೇ ಇತ್ತು. ದಖ್ಖನದ ಕರಡಿ ಕಲ್ಲುಗುಡ್ಡಗಳ ಪ್ರಾಣಿ. ಬಯಲಿನಲ್ಲಿ ಕೃಷ್ಣಮೃಗ, ತೋಳ, ಬಂಡೆಗಳ ಸಂದಿನಲ್ಲಿ ಕರಡಿ, ಇದು ತುಂಗಭದ್ರೆಯ ಎರಡೂ ದಡದ ಹಳೆಯ ಹಂಚಿಕೆ. ಕೃಷ್ಣಮೃಗಕ್ಕಾಗಿ ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾಯಿತು, ಕರಡಿಗಾಗಿ ದರೋಜಿಯಲ್ಲಿ 1994ರಲ್ಲಿ. ಈ ಕರಡಿಯ ಕೂದಲು ಉದ್ದ, ಒರಟು, ಕಪ್ಪು. ಚಳಿಪ್ರದೇಶದ ಕರಡಿಗಳಿಗಿರುವ ಮೆತ್ತನೆಯ ಒಳತುಪ್ಪಳ ಇದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಭುಜದ ಮೇಲಿನ ಕೂದಲು ಇನ್ನೂ ಉದ್ದವಾಗಿ ಜೂಲಿನಂತೆ ಇಳಿಬೀಳುತ್ತದೆ. ಗೊರವ ತಲೆ ಅಲ್ಲಾಡಿಸಿದಾಗ ಟೊಪ್ಪಿಗೆಯ ಕೂದಲು ಒಂದೊಂದಾಗಿ ಬಿಡಿಸಿಕೊಂಡು ಕುಣಿಯುವುದಕ್ಕೆ ಇದೇ ಕಾರಣ. ಬೇಟೆಯ ಚರ್ಮ ಸಿಗುತ್ತಿದ್ದ ಕಾಲದಲ್ಲಿ ಹಳೆಯದು ಕೆಟ್ಟರೆ ಬೇರೆ ಮಾಡಿಸಿಕೊಳ್ಳಲು ಅಡ್ಡಿಯಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಸರಪಳಿಯನ್ನು ಕಡಿಯಿತು. ಇಂದು ಕರಡಿ ಕಾಯ್ದೆಯ 1ನೆಯ ಅನುಸೂಚಿಯಲ್ಲಿದೆ, ಹುಲಿಯಷ್ಟೇ ರಕ್ಷಣೆ ಅದಕ್ಕೂ ಇದೆ. ಅದರ ಚರ್ಮ, ಉಗುರು, ಕೂದಲಿನಿಂದ ಮಾಡಿದ ಯಾವುದೇ ವಸ್ತುವನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಹಳೆಯದು ಮನೆಯಲ್ಲಿದ್ದರೆ ಅದನ್ನು ಘೋಷಿಸಿ ಮಾಲೀಕತ್ವದ ಪ್ರಮಾಣಪತ್ರ ಪಡೆಯಬೇಕಿತ್ತು. ಹಾಗೆ ಮಾಡದವರಿಗಾಗಿ 2003ರ ನಿಯಮಗಳು 180 ದಿನಗಳ ಇನ್ನೊಂದು ಅವಕಾಶ ಕೊಟ್ಟವು. ಪಿತ್ರಾರ್ಜಿತವಾಗಿ ಬಂದರೆ 90 ದಿನಗಳೊಳಗೆ ಮುಖ್ಯ ವನ್ಯಜೀವಿ ವಾರ್ಡನ್‌ಗೆ ತಿಳಿಸಬೇಕು. 1ನೆಯ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ದಂಡದ ಕನಿಷ್ಠ ಮೊತ್ತ 2022ರ ತಿದ್ದುಪಡಿಯ ನಂತರ 25,000 ರೂಪಾಯಿ. ನವಿಲಿನ ತಾನಾಗಿ ಉದುರಿದ ಬಾಲದ ಗರಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ, ನವಿಲುಗರಿಯ ಮೇಲೆ ನಿಂತ ಎಷ್ಟೋ ವೇಷಗಳು ಅದರಿಂದ ಬದುಕಿದವು. ಕರಡಿ ಕೂದಲಿಗೆ ಅಂಥ ಬಾಗಿಲಿಲ್ಲ.

ಹಳ್ಳಿಗಳಲ್ಲಿ ಈ ನಿಯಮಗಳ ಸುದ್ದಿ ಬಹುಕಾಲ ಮುಟ್ಟಲೇ ಇಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕದ ಪ್ರಕರಣವೊಂದು ಟೀವಿಯಲ್ಲಿ ದಿನಗಟ್ಟಲೆ ಓಡಿದಾಗ ಮಾತ್ರ, ದೇವರಮನೆಯ ಜಿಂಕೆಚರ್ಮ, ಗೋಡೆಯ ಕೊಂಬು, ಅಟ್ಟದ ಟೊಪ್ಪಿಗೆ ಎಲ್ಲವೂ ಒಮ್ಮೆಲೇ ಚಿಂತೆಯ ವಸ್ತುಗಳಾದವು. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಇಂಥವನ್ನು ಹಿಂದಿರುಗಿಸಲು ಒಂದು ಬಾರಿಯ ಅವಕಾಶ ಪ್ರಕಟಿಸಿತು. ಹೀಗಾಗಿ ಹಳೆಯ ಟೊಪ್ಪಿಗೆಯ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಅದರ ಸ್ಥಿತಿಯನ್ನಲ್ಲ, ಕಾಗದಪತ್ರವನ್ನು. ಪ್ರಮಾಣಪತ್ರವಿಲ್ಲದ ಟೊಪ್ಪಿಗೆಯನ್ನು ರಿಪೇರಿಗೆ ಒಯ್ಯುವ ಮಾತು ಆಮೇಲಿನದು, ಅರಣ್ಯ ಇಲಾಖೆಯ ಕಚೇರಿಗೆ ಹೋಗುವ ಮಾತು ಮೊದಲಿನದು.

ಕಾಗದ ಸರಿಯಿದ್ದ ಟೊಪ್ಪಿಗೆಯನ್ನು ತಿರುವಿ, ಒಳಗಿನಿಂದ ನೋಡಬೇಕು. ಹೊರಗಿನ ಕೂದಲು ಕಣ್ಣನ್ನು ಮೋಸ ಮಾಡುತ್ತದೆ, ಟೊಪ್ಪಿಗೆಯ ಆಯುಷ್ಯ ಇರುವುದು ಒಳಗಿನ ಚರ್ಮದಲ್ಲಿ. ಉಪ್ಪು, ಪಟಿಕ ಹಾಕಿ ಒಣಗಿಸಿದ ಚರ್ಮವೋ, ತಂಗಡಿ ತೊಗಟೆಯಲ್ಲಿ ಪೂರ್ತಿ ಹದ ಮಾಡಿದ್ದೋ ಎಂಬುದು ಮುಖ್ಯ. ಮೊದಲ ಬಗೆಯದು ನೀರು ಕುಡಿದರೆ ಉಬ್ಬಿ, ಒಣಗಿದಾಗ ಕುಗ್ಗಿ ಸೊಟ್ಟಗಾಗುತ್ತದೆ, ಅದನ್ನು ಒಮ್ಮೆ ತೊಳೆದರೂ ಕೆಟ್ಟಿತು. ಹಣೆಗೆ ತಾಗುವ ಅಂಚಿನಲ್ಲಿ ವರ್ಷಗಟ್ಟಲೆ ಇಳಿದ ಬೆವರಿನ ಉಪ್ಪು, ಕೊಬ್ಬರಿ ಎಣ್ಣೆಯ ಜಿಡ್ಡು, ಭಂಡಾರದ ಅರಿಸಿನ ಸೇರಿ ಕಂದು ಪದರ ಕಟ್ಟಿರುತ್ತವೆ. ಬೆರಳಿಗೆ ಕೆಂಪು ಪುಡಿ ಹತ್ತಿದರೆ ಚರ್ಮದ ನಾರು ಹುಳಿತು ಸಾಯತೊಡಗಿದೆ ಎಂದರ್ಥ. ಆಮೇಲೆ ಒಂದು ಕೂದಲನ್ನು ಮೆಲ್ಲಗೆ ಎಳೆದು ನೋಡಬೇಕು. ಬುಡಸಮೇತ ಜಾರಿ ಬಂದರೆ ಚರ್ಮದ ಮೇಲ್ಪದರ ಸಡಿಲವಾಗಿದೆ, ಅಲ್ಲಿ ಸೂಜಿ ಹಾಕುವಂತಿಲ್ಲ. ಕೂದಲು ಬುಡದ ಹತ್ತಿರ ಮೇಯ್ದಂತೆ ತುಂಡಾಗಿದ್ದರೆ ಅದು ಹುಳುವಿನ ಕೆಲಸ. ಮಡಿಕೆಗಳಲ್ಲಿ ಮರಳಿನಂಥ ಹಿಕ್ಕೆ, ಕಂದುಬಣ್ಣದ ರೋಮವಿರುವ ಮರಿಹುಳುವಿನ ಕಳಚಿದ ಪೊರೆ ಸಿಗುತ್ತವೆ.

ಹುಳು ಹತ್ತುವುದು ಬಳಕೆ ನಿಂತ ಮೇಲೆ. ಮೊದಲಿನ ಮನೆಗಳಲ್ಲಿ ಇಂಥ ವಸ್ತು ಅಟ್ಟದ ತೊಲೆಗೋ ಗೂಟಕ್ಕೋ ತೂಗಾಡುತ್ತಿತ್ತು, ಕಟ್ಟಿಗೆ ಒಲೆಯ ಹೊಗೆ ದಿನವೂ ಅದನ್ನು ಮುಟ್ಟುತ್ತಿತ್ತು. ಹೊಗೆಯಿದ್ದಲ್ಲಿ ನುಸಿ ನಿಲ್ಲದು. ಹಬ್ಬಕ್ಕೆ, ಜಾತ್ರೆಗೆ, ಭಿಕ್ಷೆಗೆ ಹೊರಬಂದಾಗ ಬಿಸಿಲು, ಗಾಳಿ, ಕೊಡವುವಿಕೆ ಎಲ್ಲ ಸಿಗುತ್ತಿತ್ತು. ಮನೆಗೆ ಆರ್‌ಸಿಸಿ ಬಂತು, ಗ್ಯಾಸ್ ಬಂತು, ಟೊಪ್ಪಿಗೆ ಪ್ಲಾಸ್ಟಿಕ್ ಚೀಲ ಸೇರಿ ಟ್ರಂಕಿನೊಳಗೆ ಹೋಯಿತು. ಕತ್ತಲು, ನಿಂತ ಗಾಳಿ, ಮುಂಗಾರಿನ ತೇವ, ನುಸಿಗೆ ಬೇಕಾದದ್ದು ಅಷ್ಟೇ. ಜೋಪಾನದ ಹೆಸರಿನಲ್ಲಿ ಹಾಳಾದ ಟೊಪ್ಪಿಗೆಗಳು ಬಳಸಿ ಹಾಳಾದವುಗಳಿಗಿಂತ ಹೆಚ್ಚು ಎಂದರೆ ಅತಿಶಯವಾಗಲಾರದು. ಹುಣಸೆಬೀಜದ ಸರಿ ಇರುವ ಕಂಬಳಿಯನ್ನೂ ಅದೇ ಟ್ರಂಕಿನಲ್ಲಿಟ್ಟರೆ ಕೇಡು ಇಮ್ಮಡಿ, ಪಿಷ್ಟಕ್ಕೆ ಬೆಳ್ಳಿಹುಳು, ಉಣ್ಣೆಗೆ ನುಸಿ.

ಇನ್ನು ರಿಪೇರಿ. ಅಂಚು ಬಿಚ್ಚಿದ ಟೊಪ್ಪಿಗೆಗೆ ನೈಲಾನ್ ದಾರದ ಬಿಗಿ ಹೊಲಿಗೆ ಹಾಕಿಸುವುದು, ಒಳಬಟ್ಟೆ ಕಿತ್ತು ಹೊಸ ರೆಕ್ಸಿನ್ ಅಂಟಿಸುವುದು, ಬೋಳಾದ ಕಡೆ ಬೇರೆ ಕೂದಲು ಕೂರಿಸುವುದು, ಮಾಸಿದ್ದಕ್ಕೆ ಕರಿಬಣ್ಣ ಹಚ್ಚುವುದು, ಊರಿನಲ್ಲಿ ಸಾಮಾನ್ಯವಾಗಿ ಹೊಳೆಯುವ ಉಪಾಯಗಳು ಇವೇ. ಕಂಬಳಿಗೆ ಒಗ್ಗುವ ರಿಪೇರಿಯ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ನೈಲಾನ್ ಹಳೆಯ ಚರ್ಮಕ್ಕಿಂತ ಗಟ್ಟಿ, ಎಳೆತ ಬಿದ್ದಾಗ ದಾರ ಉಳಿದು ಚರ್ಮ ಸೀಳುತ್ತದೆ. ಅಂಗಡಿಯ ಬಿಳಿ ಅಂಟು ಚರ್ಮದೊಳಗೆ ಇಳಿದು ಗಟ್ಟಿಯಾದರೆ ಮತ್ತೆ ತೆಗೆಯಲು ಬಾರದು. ಕಿತ್ತೆಸೆದ ಒಳಬಟ್ಟೆಯ ಜೊತೆ ಟೊಪ್ಪಿಗೆಯ ಕಾಲ, ಹೊಲಿದವನ ಕೈ, ಹಾಕಿಕೊಂಡವನ ತಲೆಯ ಅಳತೆ ಎಲ್ಲ ಹೋಗುತ್ತವೆ. ಭಂಡಾರದ ಹಳದಿ ಕೊಳೆಯಲ್ಲ. ಅರಿಸಿನದ ಬಣ್ಣ ಬೆಳಕಿಗೆ ಬೇಗ ಮಾಸುವಂಥದ್ದು, ಕೂದಲ ಬುಡದಲ್ಲಿ ಅದು ಉಳಿದಿದ್ದರೆ ಟೊಪ್ಪಿಗೆ ಯಾವ ಕೆಲಸಕ್ಕಿತ್ತು ಎಂಬುದಕ್ಕೆ ಅದೇ ಸಾಕ್ಷಿ. ತೊಳೆದು ಫಳಫಳ ಮಾಡಿದ ಟೊಪ್ಪಿಗೆ ನಾಟಕ ಕಂಪನಿಯದೋ ಗೊರವನದೋ ಹೇಳಲಾಗದು.

ವಸ್ತುಸಂಗ್ರಹಾಲಯಗಳ ಸಂರಕ್ಷಕರು ಎರಡು ಮಾತುಗಳಿಗೆ ಬದ್ಧರು: ಮಾಡುವುದು ಕಡಿಮೆಯಿರಬೇಕು, ಮಾಡಿದ್ದನ್ನು ಮುಂದಿನವರು ಬಿಚ್ಚುವಂತಿರಬೇಕು. ಲಖನೌದಲ್ಲಿ 1976ರಲ್ಲಿ ಆರಂಭವಾದ ಸಾಂಸ್ಕೃತಿಕ ಆಸ್ತಿ ಸಂರಕ್ಷಣೆಯ ರಾಷ್ಟ್ರೀಯ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವೊಂದು ಮೈಸೂರಿನಲ್ಲಿದೆ. ಚರ್ಮ, ಕೂದಲು, ಉಣ್ಣೆಯ ವಸ್ತುಗಳಿಗೆ ಪ್ರಚಲಿತ ಕ್ರಮ ಹೀಗಿದೆ. ಹುಳುವಿದ್ದರೆ ಮೊದಲು ಅದನ್ನು ಕೊಲ್ಲಬೇಕು. ಬೇವಿನೆಲೆ, ಕರ್ಪೂರ ನುಸಿಯನ್ನು ದೂರವಿಡಬಹುದು, ಒಳಗಿರುವ ಮೊಟ್ಟೆಯನ್ನು ಕೊಲ್ಲಲಾರವು. ಗಾಳಿಯಾಡದಂತೆ ಪಾಲಿಥಿನ್ ಚೀಲದಲ್ಲಿ ಮುಚ್ಚಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಟ್ಟು, ಹೊರತೆಗೆದ ಮೇಲೂ ಒಂದು ಇಡೀ ದಿನ ಚೀಲ ಬಿಚ್ಚದೆ ಬಿಟ್ಟರೆ ಮೊಟ್ಟೆಯೂ ಸಾಯುತ್ತದೆ, ಚರ್ಮದ ಮೇಲೆ ನೀರೂ ಕೂರುವುದಿಲ್ಲ. ಮೆದು ಕುಂಚದಿಂದ ಕೂದಲ ಹರಿವಿನತ್ತಲೇ ಧೂಳು ತೆಗೆದರೆ ಸಾಕು. ಗಂಜಿ ಹೋಗುವಂತೆ ಒಗೆದ ಕೋರಾ ಬಟ್ಟೆಯನ್ನು ತಲೆಯ ಗಾತ್ರಕ್ಕೆ ಉಂಡೆ ಮಾಡಿ ಟೊಪ್ಪಿಗೆಯೊಳಗೆ ತುಂಬಿದರೆ ಚರ್ಮ ಮಡಿಚಿಕೊಳ್ಳದು. ಬಿಚ್ಚಿದ ಅಂಚನ್ನು, ಹಳೆಯ ತೂತುಗಳಲ್ಲಿಯೇ, ಚರ್ಮಕ್ಕಿಂತ ಬಡವಾದ ಹತ್ತಿಯ ದಾರದಿಂದ ಸಡಿಲವಾಗಿ ಹಿಡಿಸಬಹುದು. ಬೋಳು ಜಾಗವನ್ನು ಬೋಳಾಗಿಯೇ ಬಿಡಬೇಕು. ಬೇಟೆಯ ನೆನಪಿಗೆಂದು ಸಿದ್ಧಪಡಿಸಿದ ಹಳೆಯ ಚರ್ಮಗಳಲ್ಲಿ ಪಾಷಾಣ (ಆರ್ಸೆನಿಕ್) ಬಳಸಿರುವ ಸಾಧ್ಯತೆ ಇರುವುದರಿಂದ, ಮೂಲ ತಿಳಿಯದ ಟೊಪ್ಪಿಗೆಯನ್ನು ಕೈಗವಸು ಹಾಕದೆ ಮುಟ್ಟದಿರುವುದೇ ಲೇಸು. ಮಕ್ಕಳ ತಲೆಗೆ ಹಾಕಿ ಫೋಟೋ ತೆಗೆಯುವುದಂತೂ ಬೇಡ.

ಯುರೋಪಿನ ಹಳೆಯ ಹುಲ್ಲಿನ ಟೋಪಿಗಳ ವಿಷಯದಲ್ಲೂ ವಾದ ಇದೇ. ಹಬೆ ಹಾಕಿ ಅಚ್ಚಿಗೆ ಬಿಗಿದರೆ ಸೊಟ್ಟಗಾದ ಹುಲ್ಲು ನೆಟ್ಟಗಾಗುತ್ತದೆ, ಹಾಕಿಕೊಂಡವರ ತಲೆ ಮೂಡಿಸಿದ ಆಕಾರ ಅಳಿಯುತ್ತದೆ. ಇನ್ನೂ ಹತ್ತಿರದ ಹೋಲಿಕೆ ಲಂಡನ್ನಿನ ಅರಮನೆಯ ಕಾವಲು ಪಡೆಯದು. 1815ರ ವಾಟರ್ಲೂ ಯುದ್ಧದ ನಂತರ ಗ್ರೆನೇಡಿಯರ್ ಗಾರ್ಡ್ಸ್ ಪಡೆಗೆ ಬಂದ ಎತ್ತರದ ಟೊಪ್ಪಿಗೆ ಇಂದಿಗೂ ಕೆನಡಾದ ಕರಿಕರಡಿಯ ಚರ್ಮದ್ದು. ಕೃತಕ ತುಪ್ಪಳಕ್ಕೆ ಬದಲಾಯಿಸಬೇಕೆಂದು ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯ ಮೇಲೆ 2022ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಚರ್ಚೆ ನಡೆಯಿತು. ಕೃತಕ ತುಪ್ಪಳ ಮಳೆನೀರನ್ನು ಸರಿಯಾಗಿ ತಡೆಯದು, ಬಾಳಿಕೆ ಸಾಲದು ಎಂಬುದು ಸೇನೆಯ ಕಡೆಯ ವಾದ. ಅಲ್ಲಿ ಕರಡಿ ಚರ್ಮ ತರಿಸುವ ದಾರಿ ತೆರೆದೇ ಇದೆ, ಆದ್ದರಿಂದ ಹಳೆಯ ಟೊಪ್ಪಿಗೆ ರಿಪೇರಿಯಾಗುತ್ತ ಒಂದು ತಲೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಗೊರವನಿಗೆ ಆ ಸೌಕರ್ಯವಿಲ್ಲ. ಅವನ ಟೊಪ್ಪಿಗೆಗೆ ಮಳೆ ತಡೆಯುವ ಹೊಣೆಯೂ ಇಲ್ಲ, ಅದಕ್ಕೆ ಕಂಬಳಿಯಿದೆ.

ಗೊರವರು ಈ ತೊಡಕನ್ನು ತಮ್ಮ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಈಗಿನ ಕುಣಿತದ ತಂಡಗಳು ಹಾಕುವ ಟೊಪ್ಪಿಗೆಗಳಲ್ಲಿ ಬದಲಿ ಕೂದಲಿನವೇ ಹೆಚ್ಚು. ಕರಿಬಣ್ಣ ಹಾಕಿದ ಸೆಣಬು, ಕರಿ ಮೇಕೆಯ ಕೂದಲು, ಉಣ್ಣೆ, ಯಾವುದು ಸಿಕ್ಕರೂ ನಡೆದೀತು. ಸಂಪ್ರದಾಯ ಕೆಟ್ಟಿತೆಂದು ಮರುಗುವವರು ಕಂಬಳಿಯ ಪಾಡನ್ನೂ ನೋಡಬೇಕು. ಮಾಂಸಕ್ಕೆಂದು ಸಾಕುವ ಮಿಶ್ರತಳಿಯ ಕುರಿಗಳು ಹೆಚ್ಚಿ ದಖ್ಖನಿಯ ಕರಿ ಉಣ್ಣೆ ಕಡಿಮೆಯಾಗಿದೆ, ಗಿರಣಿಯ ಅಗ್ಗದ ರಗ್ಗು ಕೈಮಗ್ಗದ ಕಂಬಳಿಯನ್ನು ಸಂತೆಯಿಂದಲೇ ಹೊರಗಟ್ಟಿದೆ. ಕಾಯ್ದೆಯಿಂದ ಕಟ್ಟಿಬಿದ್ದ ಟೊಪ್ಪಿಗೆಗಿಂತ, ಕಾಯ್ದೆಯ ಅಡ್ಡಿಯೇ ಇಲ್ಲದ ಕಂಬಳಿಯ ಸ್ಥಿತಿ ಹೆಚ್ಚು ಆತಂಕದ್ದು. ಮೇಡ್ಲೇರಿಯಂಥ ಊರುಗಳಲ್ಲಿ ನೇಕಾರರಿರುವವರೆಗೆ ಗೊರವನ ಅಂಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದ ಅಗತ್ಯವಿಲ್ಲ. ಹರಿದದ್ದಕ್ಕೆ ತೇಪೆ ಹಾಕಿ ತೊಡುವುದೂ, ತೀರಿದ್ದಕ್ಕೆ ಹೊಸದು ನೇಯಿಸುವುದೂ ಅದನ್ನು ಉಳಿಸುವ ಸರಿಯಾದ ವಿಧಾನ. ಕವಡೆ ಪಟ್ಟಿಗೂ ಡಮರುಗಕ್ಕೂ ಇದೇ ಮಾತು. ಕರಡಿ ಟೊಪ್ಪಿಗೆಗೆ ಮಾತ್ರ ಇದರ ತಿರುಗುಮುರುಗು: ತಲೆಗೆ ಬದಲಿಯದು, ಪೆಟ್ಟಿಗೆಗೆ ಹಳೆಯದು, ಹಳೆಯದರ ಮೇಲೆ ಸೂಜಿ ಆದಷ್ಟು ಕಡಿಮೆ.

ತಲೆಗೆ ತೊಡುವ ವಸ್ತುವಿನ ವಿಷಯದಲ್ಲಿ ಹಾವೇರಿ ಪಟ್ಟಣದ ಏಲಕ್ಕಿ ಪೇಟ ಇನ್ನೊಂದು ತುದಿಯದು. ಏಲಕ್ಕಿ ಹಾರಕ್ಕೆ ಹೆಸರಾದ ಈ ಊರಿನ ಕುಶಲಿಗರು ಕಾಯಿಗಳನ್ನು ಸಾಲಾಗಿ ಪೋಣಿಸಿ ಪೇಟವನ್ನೂ ಕಟ್ಟುತ್ತಾರೆ. ಗಣ್ಯರ ತಲೆಯ ಮೇಲೆ ಕೆಲವು ನಿಮಿಷ ಕುಳಿತು ಅದು ನೇರವಾಗಿ ಶೋಕೇಸಿಗೆ ಹೋಗುತ್ತದೆ. 2023ರ ಜನವರಿಯಲ್ಲಿ ಇಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಹೊತ್ತಿನಲ್ಲಿಯೂ ಹಾವೇರಿಯ ಗುರುತಾಗಿ ಮೆರೆದದ್ದು ಏಲಕ್ಕಿಯೇ. ಹುಟ್ಟಿನಿಂದಲೇ ನೆನಪಿನ ಕಾಣಿಕೆಯಾದ ವಸ್ತುವಿಗೆ ರಿಪೇರಿಯ ಮಾತೇ ಬರುವುದಿಲ್ಲ, ಧೂಳು ಮತ್ತು ಹುಳು ಎರಡನ್ನು ತಡೆದರಾಯಿತು.

ಮನೆಯಲ್ಲಿ ಟೊಪ್ಪಿಗೆ ಕಾಯಲು ಆಗದವರಿಗೆ ಉಳಿಯುವ ದಾರಿ ಸಾರ್ವಜನಿಕ ವಸ್ತುಸಂಗ್ರಹಾಲಯ. ಮಾರಲು ಬಾರದು, ನೆಂಟರಿಗೆ ಕೊಡಲು ಬಾರದು, ಆದರೆ ಅರಣ್ಯ ಇಲಾಖೆಯ ಅನುಮತಿ ಪಡೆದು ಸಂಗ್ರಹಾಲಯಕ್ಕೆ ಒಪ್ಪಿಸುವ ವಿಷಯವನ್ನು ಕೇಳಿ ತಿಳಿಯಬಹುದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಈ ಭಾಗಕ್ಕೆ ಹತ್ತಿರ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಿಂದಲೂ, ರಾಮನಗರದ ಜಾನಪದ ಲೋಕ ಎಚ್.ಎಲ್. ನಾಗೇಗೌಡರ ಕಾಲದಿಂದಲೂ ವೇಷಭೂಷಣಗಳನ್ನು ಕೂಡಿಸುತ್ತ ಬಂದಿವೆ. ಹಾಗೆ ಒಪ್ಪಿಸುವಾಗ ಟೊಪ್ಪಿಗೆಯೊಂದಿಗೆ ಹೋಗಬೇಕಾದ ಚೀಟಿಯಲ್ಲಿ ಇಷ್ಟಾದರೂ ಇರಬೇಕು: ಯಾವ ಊರಿನದು, ಯಾವ ತಲೆಮಾರಿನ ಗೊರವಪ್ಪ ಹಾಕಿದ್ದು, ದೇವರಗುಡ್ಡದ ಒಕ್ಕಲೋ ಮೈಲಾರದ್ದೋ, ಯಾವ ಜಾತ್ರೆಯಲ್ಲಿ ಕೊನೆಯ ಬಾರಿ ತಲೆಗೇರಿತು, ಎಲ್ಲೆಲ್ಲಿ ಯಾವಾಗ ಹೊಲಿಗೆ ಬಿತ್ತು. ಮಾಲೀಕತ್ವದ ಪ್ರಮಾಣಪತ್ರದ ಸಂಖ್ಯೆಯನ್ನೂ ಅದೇ ಚೀಟಿಯಲ್ಲಿ ಬರೆದರೆ ಸಂಗ್ರಹಾಲಯದ ದಾಖಲೆ ಪುಸ್ತಕಕ್ಕೆ ಬೇಕಾದದ್ದೆಲ್ಲ ಸಿಕ್ಕಂತಾಯಿತು.